ಎರಡು ವಿಮಾನಗಳ ನಡುವಿನ ಹೊತ್ತಿಗೆ ವಾರಸುದಾರರು ಯಾರು?

ಇವರಿಗೆ,
ಮಾನ್ಯ ನಾಗರಿಕ ವಿಮಾನಯಾನ ಸಚಿವರು, ಭಾರತ ಸರ್ಕಾರ, ಹಾಗೂ
ಮಹಾನಿರ್ದೇಶಕರು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ), ನವದೆಹಲಿ.

ವಿಷಯ: ವಿದೇಶದಿಂದ ಬಂದು ದೇಶದೊಳಗಿನ ಕನೆಕ್ಟಿಂಗ್ ವಿಮಾನ ಹಿಡಿಯಬೇಕಾದ ಪ್ರಯಾಣಿಕರಿಗೆ ಸಿಗುವ ಸಮಯ ಮತ್ತು ಆ ಸಮಯದ ಹೊಣೆ ಕುರಿತು.

ಮಾನ್ಯರೇ,

ನಾನು ಧಾರವಾಡದವನು, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಪರೀಕ್ಷಾ ಕೊಠಡಿಗಳ ಮೇಲ್ವಿಚಾರಣೆ ಮಾಡಿ ಮಾಡಿ, ಗಡಿಯಾರ ನೋಡಿ ವೇಳೆಯನ್ನು ಚೀಟಿಯಲ್ಲಿ ಗುರುತು ಹಾಕಿಕೊಳ್ಳುವ ಚಟವೊಂದು ನನಗೆ ಅಂಟಿಕೊಂಡಿದೆ. ಈ ಪತ್ರದಲ್ಲಿ ಬರುವ ಗಂಟೆ, ನಿಮಿಷಗಳು ಆ ಚೀಟಿಯಿಂದ ಎತ್ತಿಕೊಂಡವು. ಕಳೆದ ಚಳಿಗಾಲದಲ್ಲಿ ಜರ್ಮನಿಯಲ್ಲಿರುವ ಮಗಳ ಮನೆಯಿಂದ ನಾನು ಮತ್ತು ನನ್ನ ಹೆಂಡತಿ ಊರಿಗೆ ಮರಳುವಾಗ ನಮ್ಮ ಕೈಯಲ್ಲಿದ್ದದ್ದು ಒಂದೇ ಟಿಕೆಟ್, ಆದರೆ ಅದರಲ್ಲಿದ್ದವು ಮೂರು ವಿಮಾನಗಳು. ಜರ್ಮನಿಯಿಂದ ಕೊಲ್ಲಿಯ ಒಂದು ನಗರ, ಅಲ್ಲಿಂದ ನಮ್ಮ ದೇಶದ ಒಂದು ಮಹಾನಗರ, ಅಲ್ಲಿಂದ ಹುಬ್ಬಳ್ಳಿ. ಮೊದಲ ಬದಲಾವಣೆಗೆ ಇದ್ದದ್ದು 70 ನಿಮಿಷ, ಎರಡನೆಯದಕ್ಕೆ 130 ನಿಮಿಷ. ನಾವು ವಾರಗಟ್ಟಲೆ ಹೆದರಿದ್ದು ಮೊದಲನೆಯದಕ್ಕೆ. ತಪ್ಪಿಹೋದದ್ದು ಎರಡನೆಯದು.

ಆ ವಿಮಾನ ಸಂಸ್ಥೆಗಳ ಹೆಸರನ್ನಾಗಲಿ, ನಿಲ್ದಾಣದ ಹೆಸರನ್ನಾಗಲಿ ನಾನಿಲ್ಲಿ ಬರೆಯುವುದಿಲ್ಲ. ಅಂದು ಯಾರೊಬ್ಬರೂ ತಮ್ಮ ಪಾಲಿನ ಕೆಲಸದಲ್ಲಿ ಎದ್ದು ಕಾಣುವಂಥ ತಪ್ಪು ಮಾಡಲಿಲ್ಲ. ಎಲ್ಲರೂ ಎಲ್ಲವನ್ನೂ ನಿಯಮದ ಪ್ರಕಾರವೇ ಮಾಡಿದರೂ ವಿಮಾನ ತಪ್ಪಿತಲ್ಲ, ಆ ಏರ್ಪಾಟಿನ ಮೇಲೆಯೇ ನನ್ನ ದೂರು.

ಮೊದಲು ಆ 70 ನಿಮಿಷದ ಕತೆ. ವಿಮಾನ ಕೆಳಗಿಳಿಯಲು ಇನ್ನೂ ಅರ್ಧ ಗಂಟೆ ಇರುವಾಗಲೇ ಗಗನಸಖಿಯೊಬ್ಬರು ಕೈಯಲ್ಲಿ ಪಟ್ಟಿ ಹಿಡಿದು ನಮ್ಮ ಸೀಟಿನ ಬಳಿಗೆ ಬಂದು, ಇಬ್ಬರ ಬೋರ್ಡಿಂಗ್ ಪಾಸಿಗೂ ಕಿತ್ತಳೆ ಬಣ್ಣದ ಚೀಟಿಯೊಂದನ್ನು ಅಂಟಿಸಿ ಹೋದರು. ಬಾಗಿಲು ದಾಟಿದೊಡನೆ ತರುಣನೊಬ್ಬ ನಾವು ಹೋಗಬೇಕಾದ ನಗರದ ಹೆಸರು ಬರೆದ ಫಲಕ ಹಿಡಿದು ನಿಂತಿದ್ದ. ಅವನ ಹಿಂದೆ ನಾವು ಹನ್ನೊಂದು ಜನ ಕೂಡಿಕೊಂಡೆವು. ನನ್ನ ಹೆಂಡತಿಗೆ ಮೊಣಕಾಲು ನೋವು, ಹೀಗಾಗಿ ವೀಲ್‌ಚೇರ್ ಕೇಳಿದ್ದೆವು. ಅದೂ ಬಾಗಿಲಲ್ಲೇ ಇತ್ತು. ಭದ್ರತಾ ತಪಾಸಣೆಯಲ್ಲಿ ಕಿತ್ತಳೆ ಚೀಟಿಯವರಿಗೆ ಬೇರೆಯೇ ಸಾಲು. ಬಾಗಿಲು ತೆರೆದ 31ನೆಯ ನಿಮಿಷಕ್ಕೆ ನಾವು ಮುಂದಿನ ವಿಮಾನದ ಗೇಟಿನಲ್ಲಿ ಕುಳಿತು ನೀರು ಕುಡಿಯುತ್ತಿದ್ದೆವು.

ಅಲ್ಲಿ ವಲಸೆ ತಪಾಸಣೆ ಇರಲಿಲ್ಲ, ಲಗೇಜು ಎತ್ತಿಕೊಳ್ಳುವುದಿರಲಿಲ್ಲ, ಸುಂಕದವರಿರಲಿಲ್ಲ ಎಂಬುದನ್ನು ನಾನು ಮರೆತಿಲ್ಲ. ದೇಶದೊಳಗೆ ಕಾಲಿಡದೆ ಬರೀ ಹಾದುಹೋಗುವವನಿಗೂ, ದೇಶದೊಳಗೆ ಬಂದು ಮುಂದೆ ಹೋಗುವವನಿಗೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ. ಅಮೆರಿಕದಲ್ಲಂತೂ ಬರೀ ಹಾದುಹೋಗುವವರು ಕೂಡ ಮೊದಲು ಇಳಿದ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ತೋರಿಸಿ ದೇಶದೊಳಗೆ ಬಂದು, ಆಮೇಲೆ ಹೊರಡಬೇಕು. ಆದರೆ ಕೊಲ್ಲಿಯ ಆ ನಿಲ್ದಾಣದಲ್ಲಿ ನಮ್ಮ 70 ನಿಮಿಷವನ್ನು ನಮಗಿಂತ ಮೊದಲೇ ಯಾರೋ ಒಬ್ಬರು ಲೆಕ್ಕ ಹಾಕಿಟ್ಟಿದ್ದರು. ನಮ್ಮ ದೇಶದ ನಿಲ್ದಾಣದಲ್ಲಿ ಆ ಲೆಕ್ಕ ಹಾಕುವವರು ಯಾರೂ ಇರಲಿಲ್ಲ.

ಎರಡನೆಯ ಬದಲಾವಣೆಯನ್ನು ಚೀಟಿಯಲ್ಲಿದ್ದಂತೆಯೇ ಇಲ್ಲಿ ಇಳಿಸುತ್ತೇನೆ. ವೇಳಾಪಟ್ಟಿಯ ಪ್ರಕಾರ ನಮ್ಮ ವಿಮಾನ ಬೆಳಿಗ್ಗೆ 8:20ಕ್ಕೆ ಬರಬೇಕು, ಹುಬ್ಬಳ್ಳಿಯ ವಿಮಾನ 10:30ಕ್ಕೆ ಹೊರಡಬೇಕು. ನಾವು ಬಂದು ನಿಂತದ್ದು 8:34ಕ್ಕೆ. ಬಾಗಿಲು ತೆರೆದದ್ದು 8:41ಕ್ಕೆ. ವೀಲ್‌ಚೇರ್ ಬಂದದ್ದು 8:55ಕ್ಕೆ, ಅದೂ ಒಬ್ಬನೇ ಹುಡುಗ ಎರಡು ಕುರ್ಚಿಗಳನ್ನು ಎರಡು ಕೈಯಲ್ಲಿ ನೂಕಿಕೊಂಡು. ವಲಸೆ ತಪಾಸಣೆಯ ಸಾಲು ಮುಟ್ಟಿದ್ದು 9:05ಕ್ಕೆ. ಅದೇ ಹೊತ್ತಿಗೆ ಇನ್ನೆರಡು ದೊಡ್ಡ ವಿಮಾನಗಳು ಇಳಿದಿದ್ದವು, ವೀಲ್‌ಚೇರಿನವರ ಸಾಲೇ ಒಂದು ಸಣ್ಣ ಮೆರವಣಿಗೆಯಂತಿತ್ತು. ಮುದ್ರೆ ಬಿದ್ದದ್ದು 9:32ಕ್ಕೆ. ನಮ್ಮ ಎರಡು ಪೆಟ್ಟಿಗೆಗಳನ್ನು ಬೆಲ್ಟಿನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ದೇಶೀಯ ವಿಮಾನಕ್ಕೆ ಲಗೇಜು ಒಪ್ಪಿಸುವ ಕೌಂಟರಿನ ಮುಂದೆ ನಿಂತದ್ದು 9:53ಕ್ಕೆ.

ಪೆಟ್ಟಿಗೆಗಳ ವಿಷಯದಲ್ಲಿ ಒಂದು ಮಾತು. ಜರ್ಮನಿಯಲ್ಲೇ ನಮಗೆ ಹುಬ್ಬಳ್ಳಿಯವರೆಗಿನ ಬೋರ್ಡಿಂಗ್ ಪಾಸ್ ಕೊಟ್ಟಿದ್ದರು, ಪೆಟ್ಟಿಗೆಗಳಿಗೆ ಹುಬ್ಬಳ್ಳಿಯ ಸಂಕೇತವಾದ ಎಚ್‌ಬಿಎಕ್ಸ್ ಎಂಬ ಅಕ್ಷರಗಳ ಪಟ್ಟಿಯನ್ನೂ ಸುತ್ತಿದ್ದರು. ವಿದೇಶದಿಂದ ಬಂದು ದೇಶದೊಳಗೆ ಮುಂದುವರಿಯುವವರು ಮೊದಲು ಇಳಿದ ನಿಲ್ದಾಣದಲ್ಲಿ ಲಗೇಜನ್ನು ತಾವೇ ಎತ್ತಿಕೊಂಡು, ಸುಂಕದ ತಪಾಸಣೆ ದಾಟಿಸಿ, ಮತ್ತೆ ಒಪ್ಪಿಸುವುದು ನಮ್ಮಲ್ಲಿ ಸಾಮಾನ್ಯ ಪದ್ಧತಿ ಎಂಬುದು ಆ ಪಟ್ಟಿ ನೋಡಿದವರಿಗೆ ಹೊಳೆಯುವುದಾದರೂ ಹೇಗೆ? ಬೆಲ್ಟಿನ ಮುಂದೆ ನಾನು ನಿಂತಿದ್ದಾಗ ಹೆಂಡತಿ ಕೇಳಿದ ಪ್ರಶ್ನೆ ಇದು: “ಅಲ್ರೀ, ಪೆಟಗಿ ಹುಬ್ಬಳ್ಳಿಗೇ ಬರ್ತಾವ ಅಂತ ಹೇಳಿದ್ರಲ್ಲ ಅವ್ರು?” ನನ್ನ ಬಳಿ ಉತ್ತರವಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ, ಇಂಥ ಪ್ರಯಾಣ ಹತ್ತಾರು ಮಾಡಿದ ತರುಣನೊಬ್ಬ ಹೇಳದೆ ಹೋಗಿದ್ದರೆ ನಾವು ಪೆಟ್ಟಿಗೆಗಳನ್ನು ಬೆಲ್ಟಿನ ಮೇಲೆಯೇ ಬಿಟ್ಟು ನಡೆದುಬಿಡುತ್ತಿದ್ದೆವು.

9:53ಕ್ಕೆ ಹುಬ್ಬಳ್ಳಿಯ ವಿಮಾನ ಹೊರಡಲು ಇನ್ನೂ 37 ನಿಮಿಷ ಇತ್ತು. ಆದರೆ ಲಗೇಜು ಒಪ್ಪಿಸುವ ಕೌಂಟರ್ ಹೊರಡುವ ವೇಳೆಗೆ 60 ನಿಮಿಷ ಮೊದಲೇ, ಅಂದರೆ 9:30ಕ್ಕೇ ಮುಚ್ಚಿತ್ತು. ಕೌಂಟರಿನಲ್ಲಿದ್ದ ಹುಡುಗಿ ನಮ್ಮ ಬೋರ್ಡಿಂಗ್ ಪಾಸುಗಳನ್ನು ತಿರುಗಿಸಿ ನೋಡಿ, ಕಂಪ್ಯೂಟರಿನಲ್ಲಿ ಈ ವಿಮಾನ ಮುಚ್ಚಿಹೋಗಿದೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದು ಬಹಳ ಮೆತ್ತಗೆ ಹೇಳಿದಳು. ಅವಳ ಕೈಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲ.

ಇಲ್ಲಿ ನನ್ನ ಹಳೆಯ ವೃತ್ತಿ ತಲೆ ಹಾಕುತ್ತದೆ. ಟಿಕೆಟಿನಲ್ಲಿ ನಮಗೆ ತೋರಿಸಿದ್ದು 130 ನಿಮಿಷ. ಅದರಲ್ಲಿ ಕೊನೆಯ 60 ನಿಮಿಷ ನಮ್ಮದಲ್ಲವೇ ಅಲ್ಲ, ಅಷ್ಟರೊಳಗೆ ಲಗೇಜು ಒಪ್ಪಿಸಿ ಮುಗಿದಿರಬೇಕು. ಅಂದರೆ ನಾವು ಕೊಂಡದ್ದು 70 ನಿಮಿಷ. ಎರಡೂ ಕಡೆಯ ಸಮಯ ಒಂದೇ ಆಗಿತ್ತೆಂಬುದು ನನಗೆ ಗೊತ್ತಾದದ್ದು ವಿಮಾನ ತಪ್ಪಿದ ಮೇಲೆ. ಆ 70 ನಿಮಿಷದಲ್ಲಿ ವಿಮಾನ ತಡವಾಗಿ ಬಂದದ್ದಕ್ಕೆ 14, ಬಾಗಿಲು ತೆರೆಯುವುದಕ್ಕೆ 7, ವೀಲ್‌ಚೇರಿಗೆ ಕಾದದ್ದಕ್ಕೆ 14, ಉದ್ದನೆಯ ಓಣಿಗಳನ್ನು ದಾಟುವುದಕ್ಕೆ 10, ವಲಸೆ ತಪಾಸಣೆಗೆ 27, ಬೆಲ್ಟ್ ಮತ್ತು ಕಸ್ಟಮ್ಸಿಗೆ 21. ಕೂಡಿದರೆ 93. ಇದರಲ್ಲಿ ಯಾವೊಂದು ಸಂಖ್ಯೆಯೂ, ಬಿಡಿಯಾಗಿ ನೋಡಿದರೆ, ಯಾರನ್ನಾದರೂ ಬೈಯಬೇಕೆನ್ನುವಷ್ಟು ದೊಡ್ಡದಲ್ಲ.

ಅನಂತರದ ಮೂರು ತಾಸು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆದೆವು. ಕರೆತಂದ ಸಂಸ್ಥೆಯವರು, ತಮ್ಮ ವಿಮಾನ ಸಮಯಕ್ಕೇ ಬಂದಿದೆ, ವಲಸೆ ಸಾಲಿನ ವಿಳಂಬ ತಮ್ಮದಲ್ಲ ಎಂದರು. ಹುಬ್ಬಳ್ಳಿಗೆ ಕರೆದೊಯ್ಯಬೇಕಾದ ಸಂಸ್ಥೆಯವರು, ತಮ್ಮ ವಿಮಾನವೂ ಸಮಯಕ್ಕೇ ಹೊರಟಿದೆ, ಕಂಪ್ಯೂಟರಿನಲ್ಲಿ ನೀವು ‘ಬಾರದ ಪ್ರಯಾಣಿಕರು’ ಎಂದು ದಾಖಲಾಗಿದ್ದೀರಿ ಎಂದರು. ಕೊನೆಗೆ ಮರುದಿನದ ಅದೇ 10:30ರ ವಿಮಾನದಲ್ಲಿ ಹೆಚ್ಚಿನ ಹಣವಿಲ್ಲದೆ ಎರಡು ಸೀಟು ಸಿಕ್ಕವು. ತಂಗುವ ವ್ಯವಸ್ಥೆಯೂ ಊಟವೂ ನಿಯಮದಲ್ಲಿ ಬರುವುದಿಲ್ಲ ಎಂಬ ಉತ್ತರ ಬಂತು. ಹುಬ್ಬಳ್ಳಿಯ ನಿಲ್ದಾಣಕ್ಕೆ ಟ್ಯಾಕ್ಸಿ ಮಾಡಿಕೊಂಡು ನಮ್ಮನ್ನು ಕರೆಯಲು ಹೋಗಿದ್ದ ತಮ್ಮ, ಬಂದವರ ಮುಖಗಳನ್ನೆಲ್ಲ ನೋಡಿ ಮುಗಿಸಿ ಫೋನ್ ಮಾಡಿದಾಗ ನಾವು ಹೋಟೆಲಿನ ಬಾಡಿಗೆ ಚೌಕಾಶಿ ಮಾಡುತ್ತಿದ್ದೆವು.

ಆ ‘ಸಮಯಕ್ಕೇ ಬಂದಿದೆ’ ಎಂಬ ಮಾತಿನ ಒಳಗುಟ್ಟನ್ನು ನಾನು ಊರಿಗೆ ಬಂದ ಮೇಲೆ ತಿಳಿದುಕೊಂಡೆ. ವಿಮಾನಯಾನ ಉದ್ಯಮದಲ್ಲಿ ವೇಳಾಪಟ್ಟಿಗಿಂತ 15 ನಿಮಿಷದೊಳಗೆ ಬಂದ ವಿಮಾನವನ್ನು ಸಮಯಪಾಲನೆ ಮಾಡಿದ ವಿಮಾನವೆಂದೇ ಎಣಿಸುವ ರೂಢಿಯಿದೆ. ನಮ್ಮದು 14 ನಿಮಿಷ ತಡ, ಆದ್ದರಿಂದ ತಡವಲ್ಲ. ಹುಬ್ಬಳ್ಳಿಯ ವಿಮಾನವೂ ತಡವಲ್ಲ. ನಿಯಮದ ಕಣ್ಣಿನಲ್ಲಿ ಆ ದಿನ ಯಾವ ವಿಮಾನವೂ ತಡವಾಗಿರಲಿಲ್ಲ, ತಡವಾದವರು ನಾವಿಬ್ಬರು ಮಾತ್ರ. ಅದೂ 24 ತಾಸು!

ಮಹಾನಿರ್ದೇಶಕರೇ, ತಮ್ಮ ಇಲಾಖೆ 2010ರಲ್ಲಿ ಹೊರಡಿಸಿ ಮುಂದೆ ತಿದ್ದುಪಡಿ ಮಾಡಿದ ಪ್ರಯಾಣಿಕ ಸೌಲಭ್ಯದ ನಿಯಮಾವಳಿಯನ್ನು ನಾನು ಓದಿದೆ. ವಿಮಾನ ರದ್ದಾಗಿ, ಅದನ್ನು ಸಕಾಲದಲ್ಲಿ ತಿಳಿಸದೆ, ಅದೇ ಟಿಕೆಟ್ ಸಂಖ್ಯೆಯ ಮುಂದಿನ ವಿಮಾನ ತಪ್ಪಿದರೆ ಅದರಲ್ಲಿ ಪರಿಹಾರವಿದೆ. ಹಾರಾಟದ ಅವಧಿಗೆ ತಕ್ಕಂತೆ 5,000ದಿಂದ 10,000 ರೂಪಾಯಿವರೆಗೆ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಇನ್ನು ತಡಕ್ಕೆ ಹಣದ ಪರಿಹಾರವಿಲ್ಲ. ನಿಗದಿಯಾದ ತಾಸುಗಳನ್ನು ಮೀರಿದರೆ ಊಟ–ಉಪಹಾರ, 24 ತಾಸು ಮೀರಿದರೆ ಅಥವಾ ರಾತ್ರಿ 8ರಿಂದ ಬೆಳಗಿನ 3ರ ನಡುವಿನ ವಿಮಾನ 6 ತಾಸಿಗಿಂತ ಹೆಚ್ಚು ತಡವಾದರೆ ವಸತಿ. ಈ ಎಲ್ಲ ಕಲಮುಗಳೂ ಅಳೆಯುವುದು ಒಂದೊಂದು ವಿಮಾನದ ತಡವನ್ನು. ಹದಿನಾಲ್ಕು ನಿಮಿಷದ ತಡವೊಂದು, ಸಾಲುಗಳ ಜೊತೆ ಸೇರಿ, ಪ್ರಯಾಣಿಕನ ಪಾಲಿಗೆ ಒಂದು ಇಡೀ ದಿನವಾಗಿ ಬೆಳೆಯುವುದನ್ನು ಅಳೆಯುವ ಕಲಮು ಅದರಲ್ಲಿ ನನಗೆ ಕಾಣಲಿಲ್ಲ.

ಇದು ಬೇರೆ ರೀತಿಯಲ್ಲಿ ಇರಲು ಸಾಧ್ಯ ಎಂಬುದನ್ನು ನಮ್ಮ ಮಗಳು ತೋರಿಸಿದಳು. ಯುರೋಪಿಯನ್ ಒಕ್ಕೂಟದ 261/2004ನೆಯ ನಿಯಮದಡಿ, ಅಲ್ಲಿನ ನ್ಯಾಯಾಲಯ ಕೊಟ್ಟಿರುವ ವ್ಯಾಖ್ಯಾನದ ಪ್ರಕಾರ, ಲೆಕ್ಕಕ್ಕೆ ಬರುವುದು ಪ್ರಯಾಣಿಕ ತನ್ನ ಕೊನೆಯ ಊರನ್ನು ಎಷ್ಟು ತಡವಾಗಿ ಮುಟ್ಟಿದ ಎಂಬುದು. ಒಂದೇ ಬುಕಿಂಗಿನ ಪ್ರಯಾಣದಲ್ಲಿ ಕೊನೆಯ ನಿಲ್ದಾಣ 3 ತಾಸು ಅಥವಾ ಹೆಚ್ಚು ತಡವಾದರೆ, ಅಸಾಧಾರಣ ಸಂದರ್ಭಗಳನ್ನು ಬಿಟ್ಟು, ದೂರಕ್ಕೆ ತಕ್ಕಂತೆ 250, 400 ಅಥವಾ 600 ಯೂರೋ. 2018ರಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದ ಪ್ರಕರಣದಲ್ಲಿ ಮಹಿಳೆಯೊಬ್ಬರು ಬರ್ಲಿನ್‌ನಿಂದ ಮೊರಾಕ್ಕೋದ ಅಗಾದಿರ್‌ಗೆ ಹೊರಟಿದ್ದರು, ಕಾಸಾಬ್ಲಾಂಕಾದಲ್ಲಿ ಎರಡನೆಯ ವಿಮಾನ ತಪ್ಪಿತ್ತು. ಎರಡನೆಯ ಹಾರಾಟ ಪೂರ್ತಿಯಾಗಿ ಯುರೋಪಿನ ಹೊರಗಿದ್ದರೂ, ಒಂದೇ ಬುಕಿಂಗ್ ಆದ್ದರಿಂದ ಇಡೀ ಪ್ರಯಾಣ ಒಂದೇ, ನಿಯಮ ಅನ್ವಯಿಸುತ್ತದೆ ಎಂದು ತೀರ್ಪು ಬಂತು. ಇದಕ್ಕೂ ಮೊದಲು, 2014ರಲ್ಲಿ, ವಿಮಾನ ‘ಬಂದು ಮುಟ್ಟಿದ’ ವೇಳೆ ಯಾವುದು ಎಂಬ ಪ್ರಶ್ನೆಗೆ ಆ ನ್ಯಾಯಾಲಯ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಚಕ್ರ ನೆಲ ಮುಟ್ಟಿದ ಗಳಿಗೆಯಲ್ಲ, ವಿಮಾನ ನಿಂತ ಗಳಿಗೆಯೂ ಅಲ್ಲ, ಪ್ರಯಾಣಿಕರು ಇಳಿಯಲು ಅನುಮತಿಯಾಗಿ ಕನಿಷ್ಠ ಒಂದು ಬಾಗಿಲು ತೆರೆದ ಗಳಿಗೆ. ಬಾಗಿಲು ತೆರೆಯುವವರೆಗೆ ಒಳಗಿರುವವನು ಯಾರದೋ ವಶದಲ್ಲಿರುತ್ತಾನಲ್ಲವೇ? ಈ ಅಳತೆಯಲ್ಲಿ ನಮ್ಮ ವಿಮಾನ 21 ನಿಮಿಷ ತಡವಾಗಿತ್ತು, ಸಮಯಕ್ಕೆ ಬಂದಿರಲಿಲ್ಲ.

ಆ ನಿಯಮದಡಿ ಮಗಳು ಅರ್ಜಿ ಹಾಕಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ. ಬರುವುದೋ ಇಲ್ಲವೋ, ನನ್ನನ್ನು ಕೊರೆಯುತ್ತಿರುವುದು ಬೇರೆಯೇ. ಅರ್ಜಿ ಹಾಕಲು ಸಾಧ್ಯವಾದದ್ದು ನಮ್ಮ ಪ್ರಯಾಣ ಜರ್ಮನಿಯಿಂದ ಶುರುವಾಗಿತ್ತು ಎಂಬ ಒಂದೇ ಕಾರಣಕ್ಕೆ. ಅದೇ ನಾವು, ಅದೇ ಕೊಲ್ಲಿಯ ಸಂಸ್ಥೆಯಲ್ಲಿ, ಹುಬ್ಬಳ್ಳಿಯಿಂದ ಜರ್ಮನಿಗೆ ಹೊರಟು ನಡುವೆ ವಿಮಾನ ತಪ್ಪಿಸಿಕೊಂಡಿದ್ದರೆ ಆ ನಿಯಮ ನಮ್ಮನ್ನು ಮುಟ್ಟುತ್ತಿರಲಿಲ್ಲ. ನಮ್ಮ ನೆಲದ ಮೇಲೆ, ಹುಬ್ಬಳ್ಳಿಯ ಟಿಕೆಟ್ ಹಿಡಿದು ನಿಂತಿದ್ದ ನಮ್ಮ ಪರವಾಗಿ ಮಾತಾಡಬಲ್ಲ ಕಾನೂನು ಬ್ರಸೆಲ್ಸ್‌ನಿಂದ ಬರಬೇಕಾಯಿತು ಎಂಬುದು ನನಗೆ ಸಮಾಧಾನದ ವಿಷಯವಲ್ಲ.

ನಮ್ಮಲ್ಲಿ ಕಾನೂನೇ ಇಲ್ಲವೆಂದು ನಾನು ಹೇಳುತ್ತಿಲ್ಲ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದೆ, ಅದಕ್ಕಾಗಿ 1972ರ ವಿಮಾನ ಸಾಗಣೆ ಕಾಯ್ದೆಗೆ ತಿದ್ದುಪಡಿಯೂ ಆಗಿದೆ. ಆ ಒಪ್ಪಂದದ 19ನೆಯ ವಿಧಿ ವಿಳಂಬದಿಂದಾದ ನಷ್ಟಕ್ಕೆ ವಿಮಾನ ಸಂಸ್ಥೆಯನ್ನು ಹೊಣೆ ಮಾಡುತ್ತದೆ, ಮಾಡಬಹುದಾದ ಎಲ್ಲ ಎಚ್ಚರಿಕೆ ವಹಿಸಿದ್ದೆನೆಂದು ಸಂಸ್ಥೆ ಸಾಧಿಸಿದರೆ ಮಾತ್ರ ಬಿಡುಗಡೆ. ಹಲವು ಸಂಸ್ಥೆಗಳು ಸೇರಿ ಮಾಡಿದ ಸಾಗಣೆಯನ್ನು ಪ್ರಯಾಣಿಕ ಮತ್ತು ಸಂಸ್ಥೆಗಳು ಒಂದೇ ಎಂದು ಭಾವಿಸಿದ್ದರೆ ಅದು ಅವಿಭಕ್ತವಾದ ಒಂದೇ ಸಾಗಣೆ ಎಂದೂ ಅದರ ಮೊದಲ ವಿಧಿ ಹೇಳುತ್ತದೆ. ಹಾಗಾಗಿ ಹುಬ್ಬಳ್ಳಿಯ ನಮ್ಮ ಪುಟ್ಟ ಹಾರಾಟವೂ ಕಾನೂನಿನ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದ ಒಂದು ತುಂಡೇ. ಆದರೆ 36ನೆಯ ವಿಧಿಗೆ ಬಂದಾಗ ನಾನು ನಿಂತುಬಿಟ್ಟೆ. ಒಂದಾದ ಮೇಲೊಂದು ಸಂಸ್ಥೆಗಳು ಸಾಗಿಸುವಾಗ, ಮೊದಲ ಸಂಸ್ಥೆ ಇಡೀ ಪ್ರಯಾಣದ ಹೊಣೆಯನ್ನು ತಾನೇ ಸ್ಪಷ್ಟವಾಗಿ ಹೊತ್ತುಕೊಂಡಿರದಿದ್ದರೆ, ಯಾರ ಸಾಗಣೆಯ ಅವಧಿಯಲ್ಲಿ ವಿಳಂಬವಾಯಿತೋ ಅವರ ಮೇಲೆ ಮಾತ್ರ ಪ್ರಯಾಣಿಕ ದಾವೆ ಹೂಡಬಹುದು. ನಮ್ಮ ವಿಳಂಬ ಆದದ್ದು ಯಾರ ಸಾಗಣೆಯಲ್ಲಿ? ಒಬ್ಬರು ಇಳಿಸಿಬಿಟ್ಟಿದ್ದರು, ಇನ್ನೊಬ್ಬರು ಹತ್ತಿಸಿಕೊಂಡಿರಲಿಲ್ಲ.

ಆ ನಡುವಿನ ಹೊತ್ತಿನಲ್ಲಿ ನಾವು ಎಷ್ಟು ಕೈಗಳನ್ನು ದಾಟಿದೆವೆಂದು ತಾವು ನೋಡಬೇಕು. ವಲಸೆ ತಪಾಸಣೆ ಗೃಹ ಸಚಿವಾಲಯದ ಕೆಳಗಿನ ಇಮಿಗ್ರೇಷನ್ ಬ್ಯೂರೋದ್ದು. ಕಸ್ಟಮ್ಸ್ ಹಣಕಾಸು ಸಚಿವಾಲಯದ್ದು. ಮುಂದೆ ದೇಶೀಯ ವಿಮಾನಕ್ಕೆ ಮತ್ತೊಮ್ಮೆ ದಾಟಬೇಕಿದ್ದ ಭದ್ರತಾ ತಪಾಸಣೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯದು (ಸಿಐಎಸ್‌ಎಫ್), ಅಂದರೆ ಮತ್ತೆ ಗೃಹ ಸಚಿವಾಲಯ, ಆದರೆ ಅದರ ನಿಯಮ ಬರೆಯುವುದು ತಮ್ಮ ಸಚಿವಾಲಯದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ. ಓಣಿ, ಬೆಲ್ಟ್, ಲಿಫ್ಟು, ಫಲಕಗಳು ನಿಲ್ದಾಣ ನಡೆಸುವ ಕಂಪನಿಯವು. ವೀಲ್‌ಚೇರ್ ಒದಗಿಸಬೇಕಾದದ್ದು ವಿಮಾನ ಸಂಸ್ಥೆ, ನೂಕುವವನು ಸಾಮಾನ್ಯವಾಗಿ ಗುತ್ತಿಗೆಯವರ ಹುಡುಗ. ಇವರಲ್ಲಿ ಪ್ರತಿಯೊಬ್ಬರಿಗೂ ತಂತಮ್ಮ ತುಂಡಿನ ಹೊಣೆ ಇದೆ, ಮೊತ್ತದ ಹೊಣೆ ಯಾರಿಗೂ ಇಲ್ಲ. ಊರಿನ ಕೆರೆಗೆ ಐದು ಓಣಿಯವರು ನೀರಿಗೆ ಬರುತ್ತಾರೆ, ಹೂಳೆತ್ತುವ ದಿನ ಯಾರೂ ಬರುವುದಿಲ್ಲ, ಹಾಗೆ.

‘ಕನಿಷ್ಠ ಕನೆಕ್ಷನ್ ಸಮಯ’ ಎಂಬುದೊಂದು ಲೆಕ್ಕ ಇದೆಯೆಂದು ನನಗೆ ಈಗ ಗೊತ್ತು. ಪ್ರತಿ ನಿಲ್ದಾಣಕ್ಕೂ, ದೇಶದೊಳಗಿನಿಂದ ದೇಶದೊಳಗೆ, ವಿದೇಶದಿಂದ ದೇಶದೊಳಗೆ, ವಿದೇಶದಿಂದ ವಿದೇಶಕ್ಕೆ ಎಂದು ಬೇರೆ ಬೇರೆಯಾಗಿ ಅದನ್ನು ನಿಗದಿ ಮಾಡಿರುತ್ತಾರೆ, ಟಿಕೆಟ್ ಮಾರುವ ಕಂಪ್ಯೂಟರುಗಳು ಅದಕ್ಕಿಂತ ಕಡಿಮೆ ಅಂತರವಿರುವ ಜೋಡಿಯನ್ನು ಒಂದೇ ಟಿಕೆಟಿನಲ್ಲಿ ಮಾರುವುದಿಲ್ಲ. ಎಲ್ಲವೂ ಒಂದೇ ಸೂರಿನಡಿ ಇರುವ ವಿಯೆನ್ನಾದಂಥ ನಿಲ್ದಾಣ 25 ನಿಮಿಷ ಸಾಕೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ನಮಗೆ ಮಾರಿದ 130 ನಿಮಿಷವೂ ಯಾವುದೋ ಒಂದು ಕನಿಷ್ಠಕ್ಕಿಂತ ಹೆಚ್ಚೇ ಇದ್ದಿರಬೇಕು. ಆದರೆ ಆ ಕನಿಷ್ಠ ಎಷ್ಟು, ಅದರಲ್ಲಿ ಯಾವ ಸಾಲಿಗೆ ಎಷ್ಟು ಹಿಡಿದಿದ್ದಾರೆ, ಮೊಣಕಾಲು ನೋವಿನವರ ನಡಿಗೆಯೋ ಇಪ್ಪತ್ತೈದರ ತರುಣನ ಓಟವೋ, ಅದು ಟಿಕೆಟಿನ ಮೇಲೆ ಎಲ್ಲೂ ಇಲ್ಲ. ರೇಷನ್ ಅಂಗಡಿಯವರು ಕೂಡ ಎಷ್ಟು ಕಿಲೋ ಎಂದು ಫಲಕ ಹಾಕುತ್ತಾರೆ.

ಆದ್ದರಿಂದ ನನ್ನ ಮೊದಲ ಕೋರಿಕೆ ಟಿಕೆಟಿನ ಮೇಲಿನ ಒಂದು ಸಾಲಿನದು. ವಿದೇಶದಿಂದ ಬಂದು ಮುಂದುವರಿಯುವ ಟಿಕೆಟ್ ಮಾರುವವರು ‘ನಡುವಿನ ಸಮಯ 2 ಗಂಟೆ 10 ನಿಮಿಷ’ ಎಂದು ಬರೆಯುವ ಜಾಗದಲ್ಲೇ, ಲಗೇಜು ಮತ್ತೆ ಒಪ್ಪಿಸಬೇಕಾದ ಕೊನೆಯ ವೇಳೆಯನ್ನೂ, ಅದನ್ನು ಪ್ರಯಾಣಿಕನೇ ಎತ್ತಿಕೊಳ್ಳಬೇಕೆಂಬುದನ್ನೂ, ಟರ್ಮಿನಲ್ ಬದಲಾಗುವುದಾದರೆ ಅದನ್ನೂ ಬರೆಯುವಂತೆ ಆದೇಶಿಸಬೇಕು. ಬೆಂಗಳೂರಿನಲ್ಲೇ 2023ರ ಸೆಪ್ಟೆಂಬರಿನಿಂದ ವಿದೇಶದ ವಿಮಾನಗಳೆಲ್ಲ ಎರಡನೆಯ ಟರ್ಮಿನಲ್ಲಿಗೆ ಹೋಗಿವೆ, ದೇಶದೊಳಗಿನ ಹಲವು ವಿಮಾನಗಳು ಒಂದನೆಯದರಲ್ಲೇ ಉಳಿದಿವೆ. ಮುಂಬೈಯಲ್ಲಿ ಎರಡು ಟರ್ಮಿನಲ್ಲುಗಳ ನಡುವೆ ಊರ ರಸ್ತೆಯೇ ಇದೆ. ಇದನ್ನು ಇಳಿದ ಮೇಲೆ ಫಲಕ ನೋಡಿ ತಿಳಿಯುವ ಬದಲು ಕೊಳ್ಳುವಾಗಲೇ ತಿಳಿದರೆ ನನ್ನಂಥವನು ಮಧ್ಯಾಹ್ನದ ಜೋಡಿಯನ್ನು ಆರಿಸಿಕೊಳ್ಳುತ್ತಾನೆ.

ಇದಕ್ಕಿಂತ ಮುಖ್ಯವಾದದ್ದು ಮೊತ್ತದ ಹೊಣೆ. ತಮ್ಮ ಸಚಿವಾಲಯವೇ ಮುಂದಾಗಿ ಗೃಹ, ಹಣಕಾಸು ಸಚಿವಾಲಯಗಳನ್ನೂ ನಿಲ್ದಾಣದ ಕಂಪನಿಗಳನ್ನೂ ಒಂದೇ ಮೇಜಿಗೆ ಕರೆದು, ಬಾಗಿಲು ತೆರೆದ ಗಳಿಗೆಯಿಂದ ಲಗೇಜು ಮತ್ತೆ ಒಪ್ಪಿಸುವವರೆಗಿನ ನಿಮಿಷಗಳನ್ನು ಪಾಲು ಹಾಕಿ ಬರೆದಿಡಬೇಕು. ಇಂತಿಷ್ಟು ವಲಸೆಗೆ, ಇಂತಿಷ್ಟು ಬೆಲ್ಟಿಗೆ, ಇಂತಿಷ್ಟು ನಡಿಗೆಗೆ. ಅದು ಮೀರಿದ ದಿನ ಮೀರಿಸಿದವರು ಯಾರೆಂದು ತಮ್ಮೊಳಗೆ ಎಷ್ಟಾದರೂ ಜಗಳವಾಡಿಕೊಳ್ಳಲಿ, ಒಂದೇ ಟಿಕೆಟ್ ಹಿಡಿದ ಪ್ರಯಾಣಿಕನಿಗೆ ಮುಂದಿನ ವಿಮಾನ, ಊಟ, ರಾತ್ರಿಯ ಹಾಸಿಗೆ ಕೊಡುವ ಹೊಣೆ ಮಾತ್ರ ಟಿಕೆಟ್ ಮಾರಿದ ಸಂಸ್ಥೆಯದ್ದೇ ಎಂದು ನಿಯಮವಾಗಬೇಕು. ವಸೂಲಿಯನ್ನು ಅವರು ಆಮೇಲೆ ಮಾಡಿಕೊಳ್ಳಲಿ. ಅವರ ಬಳಿ ವಕೀಲರಿದ್ದಾರೆ, ನಮ್ಮ ಬಳಿ ಎರಡು ಪೆಟ್ಟಿಗೆ ಇತ್ತು.

ಸರ್ಕಾರ ಏನೂ ಮಾಡಿಲ್ಲವೆಂದೂ ನಾನು ಹೇಳಲಾರೆ. 2024ರ ಜೂನ್ 22ರಂದು ದೆಹಲಿಯಲ್ಲಿ ಶುರುವಾದ ತ್ವರಿತ ವಲಸೆ ಯೋಜನೆ 2025ರ ಜನವರಿ 16ರಂದು ಬೆಂಗಳೂರು, ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್, ಕೊಚ್ಚಿ, ಅಹಮದಾಬಾದ್‌ಗಳಿಗೂ ಬಂತು. ಮೊದಲೇ ಹೆಸರು ನೋಂದಾಯಿಸಿ ಬೆರಳಚ್ಚು ಕೊಟ್ಟವರು ಯಂತ್ರದ ಬಾಗಿಲಿನಿಂದ ದಾಟಬಹುದು. ಒಳ್ಳೆಯ ಕೆಲಸ. ತಿಂಗಳಿಗೊಮ್ಮೆ ಹಾರುವವರಿಗೆ ಇದು ವರ. ಎರಡು ಮೂರು ವರ್ಷಕ್ಕೊಮ್ಮೆ ಮೊಮ್ಮಕ್ಕಳನ್ನು ನೋಡಿ ಬರುವ ನಮ್ಮಂಥವರಿಗೆ ಅದರ ಸುದ್ದಿಯೇ ಮುಟ್ಟಿರುವುದಿಲ್ಲ. ಮುಟ್ಟಿದರೂ ಉಳಿತಾಯವಾಗುವುದು ವಲಸೆಯ ನಿಮಿಷಗಳು ಮಾತ್ರ, ಬೆಲ್ಟಿನ ಮುಂದೆ ಎಲ್ಲರೂ ಸಮಾನರು. ಅದರ ಬದಲು, ಅಥವಾ ಅದರ ಜೊತೆಗೆ, ಮುಂದಿನ ವಿಮಾನಕ್ಕೆ ಎರಡೂವರೆ ತಾಸಿಗಿಂತ ಕಡಿಮೆ ಉಳಿದವರಿಗೆ ವಿಮಾನದಲ್ಲೇ ಒಂದು ಬಣ್ಣದ ಚೀಟಿ ಕೊಟ್ಟು, ಆ ಚೀಟಿಯನ್ನು ವಲಸೆಯವರೂ, ಕಸ್ಟಮ್ಸಿನವರೂ, ಸಿಐಎಸ್‌ಎಫ್‌ನವರೂ ಒಂದೇ ರೀತಿ ಮನ್ನಿಸುವಂತೆ ಮಾಡುವುದಕ್ಕೆ ಯಂತ್ರವೂ ಬೇಡ, ಟೆಂಡರೂ ಬೇಡ.

ವಿಮಾನ ನಮಗಾಗಿ ಕಾಯಬೇಕಿತ್ತೆಂಬ ಕೋರಿಕೆ ನನ್ನದಲ್ಲ. ಹುಬ್ಬಳ್ಳಿಯ ವಿಮಾನದಲ್ಲಿ ಕುಳಿತವರಲ್ಲೂ ಆಸ್ಪತ್ರೆಗೋ ಕೋರ್ಟಿಗೋ ಹೊರಟವರು ಇದ್ದಿರಬಹುದು. ಅದೇ ವಿಮಾನ ತಿರುಗಿ ಬಂದು ಇನ್ನೊಂದು ಊರಿಗೆ ಹೋಗಬೇಕು, ಪೈಲಟ್‌ಗಳ ಕೆಲಸದ ತಾಸುಗಳಿಗೆ ತಮ್ಮದೇ ಕಟ್ಟುನಿಟ್ಟಿನ ಮಿತಿ ಇದೆ. ತಪ್ಪಿದವರಿಗೆ ಮುಂದೇನು ಎಂಬುದನ್ನು ಅವರು ಇಳಿಯುವ ಮೊದಲೇ ಯೋಚಿಸಿಡಿ ಎಂಬುದಷ್ಟೇ ನನ್ನ ಮಾತು. ವಿಮಾನ ಗಾಳಿಯಲ್ಲಿರುವಾಗಲೇ ಕನೆಕ್ಷನ್ ಸಿಗುವುದೋ ಇಲ್ಲವೋ ಎಂಬುದು ಕಂಪ್ಯೂಟರಿಗೆ ತಿಳಿಯುವ ಕಾಲ ಇದು.

ಬೇರೆ ಬೇರೆ ಟಿಕೆಟ್ ಕೊಂಡು ಹೋಗುವವರ ಪಾಡು ನಮಗಿಂತ ಕಷ್ಟದ್ದು. ಸ್ವಲ್ಪ ಅಗ್ಗ ಎಂಬ ಕಾರಣಕ್ಕೆ ಏಜೆಂಟರು, ವೆಬ್‌ಸೈಟ್‌ಗಳು ಎರಡು ಬಿಡಿ ಟಿಕೆಟ್‌ಗಳನ್ನು ಜೋಡಿಸಿ ಒಂದೇ ಪ್ರಯಾಣದಂತೆ ತೋರಿಸುತ್ತಾರೆ. ಮೊದಲ ವಿಮಾನ ತಡವಾದರೆ ಎರಡನೆಯ ಟಿಕೆಟಿನ ಹಣ ಸಾಮಾನ್ಯವಾಗಿ ನೀರಿನಲ್ಲಿ ಹೋಮ. ಓದಲು ಹೊರಟ ಹುಡುಗರು ವಿದೇಶದ ನಿಲ್ದಾಣದಲ್ಲಿ ಲಗೇಜು ಎತ್ತಿಕೊಳ್ಳಲು ಹೊರಗೆ ಬರಬೇಕಾಗಿ, ಆ ದೇಶದ ವೀಸಾ ಇಲ್ಲದೆ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಈ ಎಚ್ಚರಿಕೆ ಹಣ ಕಟ್ಟುವ ಮೊದಲೇ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೂ ಇರಬೇಕು.

ಕೊನೆಯದಾಗಿ ಲೆಕ್ಕದ ಮಾತು. ದೇಶದೊಳಗಿನ ವಿಮಾನಗಳ ಸಮಯಪಾಲನೆ, ರದ್ದತಿ, ತಡದಿಂದ ತೊಂದರೆಗೊಳಗಾದ ಪ್ರಯಾಣಿಕರ ಸಂಖ್ಯೆ ಇವನ್ನೆಲ್ಲ ತಮ್ಮ ಇಲಾಖೆ ಪ್ರತಿ ತಿಂಗಳೂ ಪ್ರಕಟಿಸುತ್ತದೆ, ನಾನು ಆ ವರದಿಗಳನ್ನು ಆಸಕ್ತಿಯಿಂದ ನೋಡಿದ್ದೇನೆ. ಅವುಗಳಲ್ಲಿ ಕನೆಕ್ಷನ್ ತಪ್ಪಿದವರಿಗೆ ಒಂದು ಕಾಲಂ ಸೇರಿಸಿ. ಕಲಬುರಗಿಗೆ 2019ರಲ್ಲಿ, ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ಬಂತು, ಬೆಳಗಾವಿ, ಹುಬ್ಬಳ್ಳಿ, ಮೈಸೂರುಗಳಿಗೂ ಇದೆ. ಮೊದಲೆಲ್ಲ ಮಹಾನಗರದಲ್ಲಿ ಇಳಿದು ರಾತ್ರಿ ಬಸ್ಸು ಹತ್ತುತ್ತಿದ್ದವರು ಈಗ ಮೂರನೆಯ ವಿಮಾನ ಹತ್ತುತ್ತಿದ್ದಾರೆ. ಒಂದು ಬಸ್ಸು ತಪ್ಪಿದರೆ ತಾಸಿನಲ್ಲಿ ಇನ್ನೊಂದು ಇರುತ್ತಿತ್ತು. ದಿನಕ್ಕೆ ಒಂದೋ ಎರಡೋ ವಿಮಾನ ಇರುವ ಊರುಗಳಿಗೆ ಒಂದು ಕನೆಕ್ಷನ್ ತಪ್ಪುವುದೆಂದರೆ ಒಂದು ದಿನ ತಪ್ಪಿದಂತೆ. ಎಷ್ಟು ಜನರಿಗೆ ಹೀಗೆ ತಪ್ಪುತ್ತದೆ ಎಂದು ಯಾರಾದರೂ ಎಣಿಸಿದರೆ, ನಮ್ಮದು ಅಪರೂಪದ ದುರದೃಷ್ಟವೋ ದಿನನಿತ್ಯದ ಸಂಗತಿಯೋ ಎಂಬುದಾದರೂ ತಿಳಿದೀತು.

ಮಗಳ ಮನೆಯಲ್ಲಿ ಬೇಸಿಗೆಗೆ ಎರಡನೆಯ ಮಗುವಿನ ನಿರೀಕ್ಷೆಯಿದೆ, ನಾವು ಮತ್ತೆ ಹೊರಡಬೇಕು. ನಿನ್ನೆ ರಾತ್ರಿ ಅವಳು ಟಿಕೆಟ್ ನೋಡುತ್ತಲೇ ಫೋನಿನಲ್ಲಿ ಕೇಳಿದಳು: “ಅಪ್ಪಾ, ವಾಪಸ್ ಬರೂ ಮುಂದ ಈ ಸಲ ನಡುವ ಎಷ್ಟು ತಾಸು ಬಿಡ್ಲಿ?” ನಾಲ್ಕೋ, ಐದೋ, ಒಂದು ರಾತ್ರಿಯೋ, ನನಗೆ ಹೇಳಲಾಗಲಿಲ್ಲ. ಕೇಳಿ ಹೇಳುತ್ತೇನೆ ಎಂದಿದ್ದೇನೆ. ಅದಕ್ಕಾಗಿ ತಮ್ಮನ್ನು ಕೇಳುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಧಾರವಾಡದ ಒಬ್ಬ ನಿವೃತ್ತ ಗಣಿತ ಶಿಕ್ಷಕ